ತಳ

ರಾತ್ರಿ ಒಂದೂವರೆಗೆ ಸೊಹಾರಿನ ಕ್ಯಾಂಪಿನಲ್ಲಿ
ಎಚ್ಚರ ಇರುವುದು ಎರಡೇ:
ಏಸಿಯಿಂದ ನೀರು ತೊಟ್ಟಿಕ್ಕುವ ಡಬ್ಬ,
ನಮ್ಮ ಒಲೆ.
ಇಪ್ಪತ್ತು ಕಿಲೋ ಈರುಳ್ಳಿ. ನೂರಾ ಹದಿನಾರು ಬುತ್ತಿ.

ಮೊದಲ ವಾರ ಉರಿ ಏರಿಸಿದೆ.
ಅಂಚು ಕಪ್ಪು, ಒಳಗೆ ಹಸಿ.
ಮುರಾದ್ ಬಕ್ಷ್ ಬೈಯಲಿಲ್ಲ,
ಒಂದು ಚಮಚ ತೆಗೆದು ನನ್ನ ಬಾಯಿಗೇ ಇಟ್ಟ:
"ಕಪ್ಪಾದದ್ದೆಲ್ಲ ಬೆಂದದ್ದಲ್ಲ, ಖಾರ್ವಿ."
ಗಂಗೊಳ್ಳಿಯಲ್ಲಿ ಬಲೆ ಎಳೆದ ಕೈ ನನ್ನದು,
ಅಲೆ ಮಗುಚುವ ಮೊದಲೇ ಎಳೆಯಬೇಕು ಎಂದಷ್ಟೇ ಗೊತ್ತು.
ಸೌಟು ನನಗೆ ಕೊಟ್ಟು
ಗ್ಯಾಸಿನ ತಿರುಪು ತಾನೇ ಹಿಡಿದುಕೊಂಡ.

ಉಪ್ಪು ಮೊದಲು. ಈರುಳ್ಳಿ ಬೆವರಲಿ.
ನೀರಿರುವಷ್ಟು ಹೊತ್ತು ಅದು ಬೇಯುತ್ತದೆ, ಅಷ್ಟೆ,
ಬಣ್ಣ ಬರುವುದು ಬೆವರು ಆರಿದ ಮೇಲೆ.
ಆಗ ಸದ್ದೂ ಬೇರೆ,
ಮಳೆ ನಿಂತು ಮಾಡಿನ ಹನಿ ಮಾತ್ರ ಉಳಿದ ಹಾಗೆ.
ಮೊದಲು ಗಾಜು, ಆಮೇಲೆ ಹೊಸ ಹಗ್ಗ,
ಆಮೇಲೆ ಉಪ್ಪುನೀರು ಕುಡಿದ ಹಳೆ ಹಗ್ಗ.
ಅಲ್ಲಿ ನಿಲ್ಲು.

ತಳ ಹಿಡಿಯುತ್ತದೆ. ಹಿಡಿಯಲಿ.
ಹಿಡಿಯುವುದು ಬೇರೆ, ಸೀಯುವುದು ಬೇರೆ,
ನಡುವೆ ಮೂರು ಉಸಿರು.
ಮೂರನೆಯದಕ್ಕೆ ಅರ್ಧ ಲೋಟ ನೀರು.
ಭುಸ್ಸೆಂದ ಹಬೆಯಲ್ಲಿ ಕಣ್ಣು ಮುಚ್ಚಿಯೇ ಕೆರೆದರೆ
ಅಂಟಿದ್ದೆಲ್ಲ ಕಳಚಿ ಸಾರಿಗಿಳಿಯುತ್ತದೆ.

ಲೂಮಿ ಇದೆ, ಕಪ್ಪು ಒಣನಿಂಬೆ, ಗೋಲಿಯಷ್ಟು ಗಟ್ಟಿ.
ಚುಚ್ಚದೆ ಹಾಕಿದರೆ ಇಡೀ ರಾತ್ರಿ ತೇಲುತ್ತದೆ,
ಬಾಯಿ ಬಿಡುವುದಿಲ್ಲ.
ಮೊಳೆಯಿಂದ ಎರಡು ತೂತು.
ಮೂರು ಮಾಡಿದ ದಿನ ಕಹಿ ನಾನೇ ಉಂಡೆ.

"ಕ್ಯಾಂಪಿನ ಊಟಕ್ಕೆ ಇಷ್ಟೊಂದಾ?" ಕೇಳಿದೆ ಒಮ್ಮೆ.
"ಯಾರು ನೋಡ್ತಾರೆ?"
ಅವನು ಗಡಿಯಾರ ತೋರಿಸಿದ.
ನಾಲ್ಕಕ್ಕೆ ಡಬ್ಬಿ ಮುಚ್ಚುತ್ತೇವೆ. ನಾಲ್ಕೂವರೆಗೆ ಬಸ್ಸು.
ತೆರೆಯುವುದು ಹನ್ನೆರಡೂವರೆಗೆ,
ಕಂಬವೊಂದರ ಗೇಣಗಲ ನೆರಳಲ್ಲಿ.
"ಮೇಲೆ ಉದುರಿಸಿದ್ದು ಅಷ್ಟು ಹೊತ್ತು ಕಾಯೋದಿಲ್ಲ.
ತಳದಿಂದ ಬಂದದ್ದು ಕಾಯ್ತದೆ."

ಉಣ್ಣುವವರ ಮುಖ ನನಗೆ ಗೊತ್ತಿಲ್ಲ,
ಡಬ್ಬಿಯ ನಂಬರು ಗೊತ್ತು.
ಎಪ್ಪತ್ತಮೂರು ಏಲಕ್ಕಿ ಹೆಕ್ಕಿ ಮುಚ್ಚಳದಲ್ಲಿಡುತ್ತಾನೆ.
ಒಂಬತ್ತು ಅರ್ಧಕ್ಕರ್ಧ ಹಾಗೇ ಬರುತ್ತದೆ,
ಜ್ವರವೋ, ಊರಿನ ಫೋನೋ.
ಇವತ್ತು ನಲವತ್ತೊಂದರಲ್ಲಿ
ಒಣಗಿದ ಮಸಾಲೆಯ ಮೇಲೆ ನಾಲ್ಕು ಬೆರಳ ಗೆರೆ,
ಮೂಲೆಯಿಂದ ಮೂಲೆಗೆ, ತಗಡು ಕಾಣುವ ತನಕ.

ತೊಳೆಯುವ ಮುಂಚೆ ಮುರಾದನಿಗೆ ತೋರಿಸಿದೆ.
ನೋಡಿದ.
ನಾಳೆಯ ಗೋಣಿಯ ಹೊಲಿಗೆ ಬಿಚ್ಚತೊಡಗಿದ.