ಸ್ಕೋರ್ ಶೀಟಿನ ಬೆನ್ನು

ಹತ್ತೊಂಬತ್ತು ವರ್ಷವಾಯಿತು,
ಇದೇ ಮೇಜು, ಇದೇ ಬೆಲ್ಲು, ಇದೇ ಕೆಂಪು-ನೀಲಿ ಪೆನ್ನು.
ಜನವರಿಯ ಕೊನೆಯ ಭಾನುವಾರ
ಭದ್ರಾವತಿ ಕ್ವಾರ್ಟರ್ಸಿನ ಸಿಮೆಂಟು ಅಂಕಣದಲ್ಲಿ
ಜಿಲ್ಲೆಯ ಹೈಸ್ಕೂಲುಗಳಿಂದ ಹೆಕ್ಕಿ ತೆಗೆದ
ಇಪ್ಪತ್ನಾಲ್ಕು ಹುಡುಗಿಯರು,
ಬೆಂಚಿನ ಕೆಳಗೆ ಶೂಗಳ ಜೊತೆ ಗಣಿತದ ಗೈಡು.

ಅದಕ್ಕೂ ಮೊದಲು ನಾನು ಕಾರ್ಖಾನೆ ಗೇಟಿನಲ್ಲಿ
ಲಾರಿ ತೂಗುತ್ತಿದ್ದೆ.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆ,
ಉಳಿದದ್ದು ಸರಕು.
ಅಷ್ಟೇ.

ಇಲ್ಲಿ ಹಾಗಲ್ಲ.
ಚೀಟಿ ಎತ್ತಿ ಕಟ್ಟಿದ ತಂಡ: ತುಂಗೆಗೆ ನೀಲಿ, ಭದ್ರೆಗೆ ಹಳದಿ.
ಕೂಡ್ಲಿಯಲ್ಲಿ ಎರಡೂ ಒಂದೇ ಎಂದು
ಅಧ್ಯಕ್ಷರು ಮೈಕಿನಲ್ಲಿ ಹೇಳುತ್ತಾರೆ, ಹೋದ ವರ್ಷದ ಹಾಗೇ,
ಅದರ ಹಿಂದಿನ ವರ್ಷದ ಹಾಗೇ.
ಮೈಕು ಕುಂಯ್ ಎನ್ನುತ್ತದೆ.

ಗೆದ್ದರೆ ಕಪ್ಪಿಲ್ಲ, ಸೋತರೆ ಯಾರೂ ಬೈಯುವುದಿಲ್ಲ.
ಆಟಕ್ಕುಂಟು ಲೆಕ್ಕಕ್ಕಿಲ್ಲ.
ಆದರೂ ಲೆಕ್ಕದವನೊಬ್ಬ ಬೇಕು, ನೋಡಿ.

ಮೊದಲ ಕ್ವಾರ್ಟರು ನೋಡುವ ಹಾಗಿರಲಿಲ್ಲ.
ಅವರವರ ಶಾಲೆಯಲ್ಲಿ ಅವರವರೇ ದೊರೆ,
ಚೆಂಡು ಎಲ್ಲಿ ಸುತ್ತಿದರೂ ಅವರ ಕೈಗೇ ಬರಬೇಕು.
ಇಲ್ಲಿ ಎಲ್ಲರೂ ಎಲೆಯ ಮುಂದೆ ಕೂತರು,
ಬಡಿಸುವವರಿಲ್ಲ.
ಸೊರಬದ ನಿಸರ್ಗ ಮೂವರ ನಡುವೆ ನುಗ್ಗಿ ಬಿದ್ದಳು.
ಶಿಕಾರಿಪುರದ ತಾಂಡಾದ ಕಾವೇರಿಬಾಯಿ
ಅರ್ಧ ಅಂಕಣದಿಂದಲೇ ಎಸೆದಳು, ಬೋರ್ಡಿಗೂ ತಾಗಲಿಲ್ಲ.
ಹತ್ತು ನಿಮಿಷಕ್ಕೆ ಆರು, ನಾಲ್ಕು.
ಗೆರೆಯಂಚಿನ ಕಡ್ಲೆಪುರಿಯವನೂ
ಬೆನ್ನು ತಿರುಗಿಸಿ ಬೀಡಿ ಹಚ್ಚಿದ.

ನನಗೆ ಬೇರೆಯದೇ ಚಿಂತೆ.
ಹಳದಿ ಏಳು, ತೀರ್ಥಹಳ್ಳಿಯ ಸಿಂಚನ.
ಹಳದಿ ಹನ್ನೊಂದು, ನಮ್ಮೂರ ಕಲೈಸೆಲ್ವಿ,
ಅವಳಜ್ಜ ಕುಲುಮೆಯವನು, ನನ್ನದೇ ಪಾಳಿ.
ನವೆಂಬರಿನ ಫೈನಲಿನಲ್ಲಿ ಇವಳ ಮೊಣಕೈ ತಾಗಿ
ಅವಳ ಮೇಲ್ದುಟಿ ಸೀಳಿತ್ತು, ಮೂರು ಹೊಲಿಗೆ.
ಆ ಶೀಟು ಬರೆದವನೂ ನಾನೇ:
ಹನ್ನೊಂದರ ಮುಂದೆ ಒಂದು ಫೌಲು.
ಹೊಲಿಗೆಗೆ ಕಾಲಮ್ಮಿಲ್ಲ.

ಚೀಟಿಗೇನು ಗೊತ್ತು, ಒಂದೇ ಬಣ್ಣ ತೊಡಿಸಿತು.
ಮೂರನೆಯ ಕ್ವಾರ್ಟರಿನಲ್ಲಿ ಸಾಗರದ ಜೆನಿಟಾ
ತಿರುಗಿ ನೋಡದೆ ನಿಸರ್ಗಳಿಗೊಂದು ಹಿಂದಕ್ಕೆ ಕೊಟ್ಟಳು,
ಅಲ್ಲಿಂದ ಗಂಟು ಬಿಚ್ಚಿದ ಹಾಗೆ ಆಟ.
ಇವರಿಬ್ಬರು ಮಾತ್ರ
ಒಬ್ಬರ ಕಣ್ಣಿಗೊಬ್ಬರು ಬೀಳಲೇ ಇಲ್ಲ.
ನೀರಿನ ಬಾಟಲಿಯೂ ಮೂರನೆಯವಳ ಕೈದಾಟಿ.

ನೀಲಿ ನಲವತ್ತೆರಡು, ಹಳದಿ ನಲವತ್ತೊಂದು,
ಹನ್ನೊಂದು ಸೆಕೆಂಡು.
ಕಲೈಸೆಲ್ವಿಯ ಕೈಯಲ್ಲಿ ಚೆಂಡು.
ಹಾಕುತ್ತಾಳೆ, ನನಗೆ ಗೊತ್ತು,
ಐದನೇ ಕ್ಲಾಸಿನಿಂದ ಇದೇ ರಿಂಗಿಗೆ ಎಸೆದವಳು.
ನನ್ನ ಪೆನ್ನು ಆಗಲೇ ನಲವತ್ಮೂರರ ಮೇಲೆ.
ಹಾರಿದಳು, ಕೈ ಎತ್ತಿದಳು,
ಗಾಳಿಯಲ್ಲಿದ್ದಾಗಲೇ ಏನೋ ನೆನಪಾದವಳಂತೆ
ರಿಂಗಿನ ಕೆಳಗೆ ಒಬ್ಬಳೇ ನಿಂತಿದ್ದ ಏಳಕ್ಕೆ ಕೊಟ್ಟಳು.

ಸಿಂಚನ ಕಾದಿರಲಿಲ್ಲ.
ಯಾಕೆ ಕಾಯಬೇಕು?
ಚೆಂಡು ಕಂಡದ್ದೇ ಕೈ ತುಟಿಗೆ ಅಡ್ಡ ಹೋಯಿತು.
ಬೆರಳ ತುದಿ ತಾಗಿ, ಗೆರೆ ದಾಟಿ
ಕಡ್ಲೆಪುರಿಯ ಬುಟ್ಟಿಗೆ ಬಿತ್ತು.
ಅಂತೂ ಒಂದು ಬುಟ್ಟಿಗೆ.
ಬೆಲ್ಲು.

ಅಂಕಣದ ತುಂಬ ಪುರಿ.
ಹುಡುಗಿಯರೆಲ್ಲ ಜೆರ್ಸಿಯನ್ನೇ ಮಡಿಲು ಮಾಡಿ
ಹೆಕ್ಕುತ್ತ, ತಿನ್ನುತ್ತ, ಬಿದ್ದು ಬಿದ್ದು ನಗುತ್ತ.
ಅವರಿಬ್ಬರು ಏನು ಮಾತಾಡಿಕೊಂಡರೋ ಕೇಳಿಸಲಿಲ್ಲ.
ಒಬ್ಬಳು ತುಟಿ ತೋರಿಸಿದ್ದು ಕಂಡಿತು,
ಇನ್ನೊಬ್ಬಳು ಬಗ್ಗಿ ನೋಡಿದ್ದು,
ಹೊಸ ಸೈಕಲ್ಲಿನ ಗೀರು ನೋಡುವ ಹಾಗೆ, ತೀರ ಹತ್ತಿರದಿಂದ.

ಹಾಕಿದ್ದಕ್ಕೆ ಕಾಲಮ್ಮಿದೆ, ಹೊಡೆದದ್ದಕ್ಕೂ ಇದೆ,
ಕೊಟ್ಟದ್ದಕ್ಕಿಲ್ಲ.
ಅದನ್ನು ಶೀಟಿನ ಬೆನ್ನಿಗೆ ಬರೆದಿಡುತ್ತೇನೆ, ಪೆನ್ಸಿಲಿನಲ್ಲಿ,
ಹತ್ತೊಂಬತ್ತು ವರ್ಷದಿಂದ. ಯಾರೂ ಕೇಳಿಲ್ಲ.
ಇವತ್ತಿನದು:
ಸಾಗರದವಳು ಸೊರಬದವಳಿಗೆ, ನೋಡದೆ.
ಹನ್ನೊಂದು, ಏಳಕ್ಕೆ. ದಕ್ಕಲಿಲ್ಲ.

ಈ ಕೊನೆಯ ಮಾತು ಇರಲೋ ಬೇಡವೋ ಎಂದು
ರಬ್ಬರು ಹುಡುಕುತ್ತಿದ್ದೇನೆ,
ಪುರಿಯವ ಮೇಜಿನ ಮುಂದೆ ಖಾಲಿ ಬುಟ್ಟಿ ಹಿಡಿದು:
ಸ್ವಾಮಿ, ಇದು ಯಾರ ಲೆಕ್ಕಕ್ಕೆ?