ಬಿಡಲು ಕಾರಣ

ಟೀಸಿ ಅರ್ಜಿಯ ಏಳನೇ ಕಾಲಮ್ಮು:
ಕಾಲೇಜು ಬಿಡಲು ಕಾರಣ.
ಅದಕ್ಕೆ ಬಿಟ್ಟ ಜಾಗ ಎರಡು ಬೆರಳಗಲ.
ಎಲ್ಲರೂ ಬರೆಯುವುದು ಒಂದೇ: ಉನ್ನತ ವ್ಯಾಸಂಗ.
ಸೀಲು ಹೊಡೆಯುತ್ತೇನೆ, ಹತ್ತೊಂಬತ್ತು ವರ್ಷದಿಂದ.
ಪ್ಯಾಡು ಒಣಗಿದರೆ ಎರಡು ಹನಿ ನೀರು.

ಕೌಂಟರಿನ ಕಿಂಡಿ ಮಾತ್ರ ಮುಖದಷ್ಟು ದೊಡ್ಡದು,
ಬಗ್ಗಿದವರು ಸುಮ್ಮನೆ ಹೋಗುವುದಿಲ್ಲ.

ಕಟ್ಟಾಯದ ಲಿಖಿತಾ ಅಂದಳು:
ಅಲ್ಲಿ ಟಾಯ್ಲೆಟ್ಟಿಗೆ ಚಿಲಕ ಇದೆ, ಮೇಡಂ.
ಅಷ್ಟೇ.
ಮಧ್ಯಾಹ್ನದವರೆಗೂ ನೀರು ಕುಡಿಯದೆ
ಈ ಕುರ್ಚಿಯಲ್ಲಿ ಕೂತು ಕಲಿತವಳು ನಾನು,
ನನಗೇನು ಬಿಡಿಸಿ ಹೇಳಬೇಕೆ.

ಫಿಸಿಕ್ಸಿನ ಹುಡುಗನಿಗೆ ಸಿಟ್ಟು:
ಮೂರು ತಿಂಗಳಲ್ಲಿ ನಾಲ್ಕು ಜನ ಅತಿಥಿ ಉಪನ್ಯಾಸಕರು.
ಅತಿಥಿಗಳಲ್ಲವೇ, ಬಂದರು, ಹೋದರು,
ಒಂದನೇ ಪಾಠ ಮಾತ್ರ
ನಮ್ಮ ಮನೆಯ ನೆಂಟನಂತೆ ಏಳುವುದೇ ಇಲ್ಲ.

ಪೆನ್ಷನ್ ಮೊಹಲ್ಲಾದ ಸುಹೇಲ್ ಮೊಬೈಲು ಚಾಚಿದ,
ನೀಲಿ ಕೋಟು, ಎದೆಯ ಮೇಲೆ ಚಿನ್ನದ ಬಣ್ಣದ ಲಾಂಛನ.
ಯಾಕಪ್ಪಾ ಅಂದರೆ
ಎರಡು ಬೆರಳಲ್ಲಿ ಅದನ್ನೇ ಹಿಗ್ಗಿಸಿ ತೋರಿಸಿದ.

ದುದ್ದದ ಸಿಂಚನಾ ದನಿ ತಗ್ಗಿಸಿದಳು:
ಅಪ್ಪ ಹಾಸ್ಟೆಲಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಿದ್ದಾರೆ,
ಕಟ್ಟಿದ ದುಡ್ಡು ನೀರಲ್ಲಿ ಹೋಗಬಾರದು ಅಂತ
ಗಂಡು ನೋಡೋದು ನಿಲ್ಲಿಸಿದ್ದಾರೆ.
ಇಲ್ಲಿ ಎಲ್ಲ ಪುಕ್ಕಟೆ ಅಲ್ವಾ ಮೇಡಂ,
ಪುಕ್ಕಟೆಯದನ್ನು ಯಾವತ್ತು ಬೇಕಾದರೂ ಬಿಡಿಸಬಹುದು.
ನಕ್ಕಳು. ನಾನು ಸೀಲನ್ನು ತಲೆಕೆಳಗಾಗಿ ಹೊಡೆದೆ.

ಭರತ ಏನೂ ಹೇಳಲಿಲ್ಲ.
ಅವನ ತಾಯಿ ಈರಮ್ಮ ಬೆಳಗಿನ ಐದೂವರೆಗೆ
ಸಾಲಗಾಮೆ ರಸ್ತೆಯನ್ನು ನಮ್ಮ ಗೇಟಿನವರೆಗೆ ಗುಡಿಸುತ್ತಾಳೆ.
ಅವತ್ತು ಹಸಿರು ಕೋಟು ಕಳಚಿ, ಮಡಚಿ,
ಬಟ್ಟೆಯ ಚೀಲದಲ್ಲಿ ಅಡಗಿಸಿ ಬಂದಿದ್ದಳು.
ಚೀಟಿ ಎತ್ತಿದೀನಿ ಮೇಡಂ, ಮೊದಲ ಕಂತಿಗೆ ಸಾಕು.
ಆಮೇಲಿನದಕ್ಕೆ?
ಅಲ್ಲಿ ಯಾರಿಗೂ ನಾವು ಗೊತ್ತಿಲ್ಲ, ಅಂದಳು,
ನಾನು ಕೇಳಿದ್ದಕ್ಕೆ ಅದೇ ಉತ್ತರವೆಂಬಂತೆ.

ಸಂಜೆ ಹೊಸ ಬಸ್ ಸ್ಟ್ಯಾಂಡಿನತ್ತ ನಡೆದರೆ
ಬಿಳಿ ಬಸ್ಸುಗಳು, ಮೈತುಂಬ ವಿಶ್ವವಿದ್ಯಾಲಯದ ಹೆಸರು,
ಕಿಟಕಿಯಲ್ಲಿ ನಮ್ಮವೇ ಮುಖಗಳು.
ಬೈಯಬಹುದು. ಸ್ಟಾಫ್ ರೂಮಿನಲ್ಲಿ ಬೈಯುತ್ತಾರೆ,
ಶಿಕ್ಷಣ ಸಂತೆಯಾಯಿತು ಅಂತ.
ಬೈಯುವವರ ಮಕ್ಕಳ ಟೀಸಿಗೂ ಸೀಲು ನನ್ನದೇ.
ನನ್ನ ಮಗಳದ್ದಕ್ಕೂ.
ಏಳನೇ ಕಾಲಮ್ಮು ತುಂಬಿದ್ದು ನನ್ನ ಅಕ್ಷರವೇ,
ಉನ್ನತ ವ್ಯಾಸಂಗ,
ದುಂಡಗೆ, ತಪ್ಪಿಲ್ಲದೆ.

ಆಮೇಲೊಂದು ಶನಿವಾರ ಕಸ್ತೂರಬಾ ರಸ್ತೆಯಲ್ಲಿ
ಒಂದು ಚಿಲಕ ಕೊಂಡೆ, ಅರವತ್ತೈದು ರೂಪಾಯಿ.
ಜವಾನ ಹಾಲಪ್ಪ ನಾಲ್ಕು ಸ್ಕ್ರೂ ತಿರುಗಿಸಿದ,
ಒಂದು ನಿಲ್ಲಲಿಲ್ಲ, ಮರ ಕೊಳೆತಿತ್ತು.
ಒಳಗೆ ಹೋಗಿ ಹಾಕಿಕೊಂಡು ನೋಡಿದೆ.
ಹಿಡಿಯಿತು.
ಹೊರಗೆ ಬಂದಾಗ ಕಿಂಡಿಯಲ್ಲಿ
ಇನ್ನಿಬ್ಬರು ಕಾಯುತ್ತಿದ್ದರು, ಅರ್ಜಿ ಹಿಡಿದು.