ಮಾಲಾದೇವಿ ಮೈದಾನ, ಎಂಟುನೂರು ಮೀಟರ್

ಬೆಳಿಗ್ಗೆ ಆರೂವರೆ. ಸುಣ್ಣದ ಗೆರೆ ಇನ್ನೂ ಹಸಿ.
ಕ್ರೀಡಾ ವಸತಿಶಾಲೆಗೆ ನಮ್ಮ ಪಾಲಿಗೆ ಒಂದೇ ಸೀಟು,
ಗೆರೆಯ ಮೇಲೆ ಹದಿನೇಳು ಹುಡುಗರು,
ಹದಿನಾಲ್ಕು ದಾಟದವರು; ಜನ್ಮದಾಖಲೆ ಹಾಗನ್ನುತ್ತದೆ.
ನನ್ನ ಮುಷ್ಟಿಯಲ್ಲಿ ಹಳೆಯ ಸ್ಟಾಪ್‌ವಾಚು.

ಗಡಿಯಾರ ಸುಳ್ಳು ಹೇಳುವುದಿಲ್ಲವಂತೆ.
ನಿಜ. ಆದರೆ ಕೇಳಿದ್ದಕ್ಕಷ್ಟೇ ಉತ್ತರ,
ಕಟಕಟೆಯಲ್ಲಿ ನಿಂತ ಜಾಣ ಸಾಕ್ಷಿಯ ಹಾಗೆ.

ಬೇಲಿಯಾಚೆ ಉಲ್ಹಾಸ ಬಾನಾವಳಿಕರ ನಿಂತಿದ್ದಾನೆ,
ಬೈತಕೋಲ ಬಂದರಿನಿಂದ ಗೋಣಿಯಲ್ಲಿ ಸುತ್ತಿ ತಂದ
ಮಂಜುಗಡ್ಡೆಯ ತುಂಡಿನೊಂದಿಗೆ. ಪ್ರತಿವರ್ಷ ಬರುತ್ತಾನೆ.
ಗೋಡೆಯ ಹಲಗೆಯಲ್ಲಿ ಅವನ ಹೆಸರು ಇನ್ನೂ ಇದೆ:
ಎರಡು ನಿಮಿಷ, ಆರು ಸೆಕೆಂಡು, ನಾಲ್ಕು.
ಹದಿಮೂರರಲ್ಲಿ ಓಡಿದ್ದು. ಆರಿಸಿದ್ದು ನಾನು.
ಎದೆ ಉಬ್ಬಿಸಿ ಎಲ್ಲರಿಗೂ ಹೇಳಿದ್ದೆ: ನೋಡ್ತಾ ಇರಿ.
ನೋಡಿದೆವು. ಹತ್ತೊಂಬತ್ತಕ್ಕೆ ಅವನದು
ಎರಡು ನಿಮಿಷ, ಐದು ಸೆಕೆಂಡು.
ಆಗ ಅವನಿಗೆ ಮೀಸೆಯಿತ್ತು, ಅಷ್ಟೆ.
ಆಮೇಲೆ ಉಳಿದವರಿಗೂ ಮೀಸೆ ಬಂತು.

ಸೀಟಿ.

ತೋಡೂರು ಕಾಲನಿಯ ಮಣಿಕಂಠ ಹರಿಕಂತ್ರ
ಬೆನ್ನಿಗೆ ನಾಯಿ ಬಿದ್ದವನ ಹಾಗೆ ನುಗ್ಗಿದ,
ಬರಿಗಾಲು, ಅಣ್ಣನ ಚಡ್ಡಿ, ಸೊಂಟಕ್ಕೆ ಬಲೆದಾರ.
ಮೊದಲ ಸುತ್ತು ಅರವತ್ತಮೂರು. ಇಪ್ಪತ್ತು ಮೀಟರ್ ಮುಂದೆ.
ಹುಚ್ಚ, ಎಂದೆ, ಎರಡು ಸುತ್ತು ಅಂದರೆ ಎಷ್ಟೆಂದು
ಯಾರೂ ಹೇಳಿಲ್ಲ ಇವನಿಗೆ.
ಹಿಂದೆ ರೇವಣಕರರ ಸೋಹನ್, ಮೊಳೆಬೂಟು,
ಭುಜ ಅಲುಗದು, ಬಾಯಿ ತೆರೆಯದು, ಅರವತ್ತಾರು;
ಅಪ್ಪನ ಕೈಯಲ್ಲೂ ಒಂದು ಸ್ಟಾಪ್‌ವಾಚು.
ಎರಡು ವರ್ಷದ ತರಬೇತಿ ಮೈಯಲ್ಲಿ ಇಸ್ತ್ರಿಯಂತೆ ಕೂತಿದೆ.

ಹಳಿಯಾಳದ ಇನಾಸ ಸಿದ್ದಿ ಹನ್ನೆರಡನೆಯವ.
ಆದರೂ ಕಮಿಟಿಯವರ ಕಣ್ಣು ಅವನ ಮೀನಖಂಡದ ಮೇಲೇ:
"ಅವರ ರಕ್ತದಲ್ಲೇ ಇರ್ತದೆ ಬಿಡಿ."
ರಕ್ತದಲ್ಲಿ ಏನಿದೆಯೋ, ನಿನ್ನೆ ರಾತ್ರಿ
ಅಣಶಿ ಘಟ್ಟದ ತಿರುವಿನಲ್ಲಿ ಅವನು ಮೂರು ಸಲ ವಾಂತಿ ಮಾಡಿದ್ದು
ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.
ನನಗೆ ಗೊತ್ತಾಗಿದ್ದು ಬಸ್ಸಿನ ಕಂಡಕ್ಟರಿಂದ.

ಎರಡನೇ ಸುತ್ತಿನ ದೂರದ ತಿರುವು.
ಮಣಿಕಂಠನ ಮೊಣಕಾಲು ಮರಳು ತುಂಬಿದ ಚೀಲ.
ಒಬ್ಬ ದಾಟಿದ, ಇನ್ನೊಬ್ಬ, ಒಟ್ಟು ಏಳು ಮಂದಿ.
ಇಲ್ಲಿ ಹುಡುಗರು ಸಾಮಾನ್ಯವಾಗಿ ಪಕ್ಕೆ ಹಿಡಿಯುತ್ತಾರೆ,
ಬೂಟಿನ ಲೇಸು ನೋಡುತ್ತಾರೆ, ಆಕಾಶ ನೋಡುತ್ತಾರೆ.
ಇವನು ಮುಂದಿನವನ ಬೆನ್ನು ನೋಡಿದ.
ಕೊನೆಯ ನಲವತ್ತು ಮೀಟರಿನಲ್ಲಿ, ಕಾಲಿನಲ್ಲಿ ಏನೂ ಉಳಿಯದೆ,
ಕುತ್ತಿಗೆಯಿಂದ ಓಡಿ
ಇಬ್ಬರನ್ನು ವಾಪಸ್ಸು ತಗೊಂಡ,
ಸಾಲ ವಸೂಲಿಗೆ ಬಂದವನಂತೆ.
ಆರನೆಯವ.

ಉಲ್ಹಾಸನತ್ತ ನೋಡಿದೆ. ಗೋಣಿ ಬಿಚ್ಚುತ್ತಿದ್ದ.
"ಕಲ್ಲಿಗೆ ಸಿಕ್ಕ ಗಾಳವೂ
ದೊಡ್ಡ ಮೀನಿನ ಹಾಗೇ ಜಗ್ಗುತ್ತದೆ ಸರ್," ಎಂದ.
ಸ್ವಲ್ಪ ಹೊತ್ತು ಬಿಟ್ಟು,
"ಆದ್ರೆ ದಾರ ಬಿಡಬೇಡಿ."

ಫಾರಮ್ಮಿನಲ್ಲಿ ಒಂದು ಅಂಕಣವಿದೆ:
ಭವಿಷ್ಯದ ಸಾಧ್ಯತೆ, ಹತ್ತಕ್ಕೆ ಎಷ್ಟು.
ಹದಿನೇಳು ಖಾಲಿ ಚೌಕ.
ಇಪ್ಪತ್ತೆಂಟು ವರ್ಷದಿಂದ ತುಂಬುತ್ತಿದ್ದೇನೆ ಇವನ್ನು,
ಗಾಳಿ ನೋಡಿ ಮಳೆ ಹೇಳುವವರ ಧೈರ್ಯದಲ್ಲಿ.

ಹುಡುಗನನ್ನು ಕರೆದೆ. ಯಾಕೋ ಹಾಗೆ ಓಡಿದ್ದು ಮೊದಲು?
ಮೂಗಿನ ಬೆವರು ಅಂಗೈಯಲ್ಲಿ ಒರೆಸಿ,
"ಮುಂದೆ ಯಾರೂ ಇಲ್ದಿದ್ರೆ
ಹ್ಯಾಂಗಿರ್ತದೆ ನೋಡ್ವ ಅಂತ."
ಹೇಗಿತ್ತು?
"ಚಲೋ ಇತ್ತು. ಆಮೇಲೆ ಇರ್ಲಿಲ್ಲ."

ಸೀಟಿಗೆ ಸೋಹನ್ ಹೆಸರು ಬರೆದೆ. ಎರಡು ಹದಿನಾಲ್ಕು
ಎರಡು ಹದಿನಾಲ್ಕೇ; ಆ ಹುಡುಗನೂ ಕದ್ದಿದ್ದಲ್ಲ ಅದನ್ನು,
ಕತ್ತಲಲ್ಲಿ ಎದ್ದು ಗಳಿಸಿದ್ದು.
ಮಣಿಕಂಠನ ಚೌಕದಲ್ಲಿ ಅಂಕಿ ಬರೆದು, ಹೊಡೆದು,
ಮತ್ತೆ ಅದನ್ನೇ ಬರೆದೆ. ಎಷ್ಟೆಂದು ಹೇಳುವುದಿಲ್ಲ.

ರವಿವಾರ ಬರ್ತೀಯಾ, ಆರು ಗಂಟೆಗೆ?
ಮೊದಲ ಬಸ್ಸೇ ಆರೂ ಇಪ್ಪತ್ತಕ್ಕೆ, ಎಂದ,
ಮಂಜಿನ ಚೂರನ್ನು ಕೆನ್ನೆಯ ಒಂದು ಬದಿಗೆ ತಳ್ಳಿ.
ಹಾಗಾದರೆ ಏಳಕ್ಕೆ, ಎಂದೆ.
ಗೇಟಿನವರೆಗೆ ನಡೆದೇ ಹೋದ, ಕುಂಟುತ್ತ,
ಬಸ್ಸು ಕಂಡದ್ದೇ ಓಡತೊಡಗಿದ.
ಗುಂಡಿಯ ಮೇಲೆ ಹೆಬ್ಬೆರಳು ತಾನಾಗಿಯೇ ಹೋಯಿತು.
ಒತ್ತಲಿಲ್ಲ.